ಹೀಟರ್ ಬೇಡ ಎನ್ನುವವರಿಗೆ, ಕೆಂಡವೇ ಸಾಕು ಎನ್ನುವವರಿಗೆ

ಮಡಿಕೇರಿಯಿರಲಿ ಬೀದರ್ ಇರಲಿ, ಡಿಸೆಂಬರ್ ಬಂತೆಂದರೆ ಈ ಚರ್ಚೆ ಶುರು. ನನ್ನ ನಿಲುವು ಇಷ್ಟೇ: ಮನೆಯಲ್ಲಿ ವಯಸ್ಸಾದವರೋ ಹಸುಗೂಸೋ ಇದ್ದರೆ, ಕಡಿಮೆ ವಾಟಿನ, ಐಎಸ್‌ಐ ಗುರುತಿರುವ ಒಂದು ಕರೆಂಟ್ ಹೀಟರ್ ಇಟ್ಟುಕೊಳ್ಳಿ. ಸಂಜೆ ಎರಡು-ಮೂರು ತಾಸು ಹಾಕಿ, ಮಲಗುವ ಮುನ್ನ ಆರಿಸಿ. ಇದಕ್ಕೆ ಬರುವ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

“ನಮ್ಮ ಚಳಿಗೆ ಹೀಟರ್ ಅನ್ನೋದು ಶೋಕಿ. ಸ್ವೆಟರ್, ಕಂಬಳಿ ಸಾಕು.”

ಓಡಾಡಿಕೊಂಡಿರುವವರಿಗೆ ಸಾಕು, ಒಪ್ಪಿದೆ. ಆದರೆ ಕಂಬಳಿ ಮೈಯ ಕಾವನ್ನು ಹಿಡಿದಿಡುತ್ತದೆಯೇ ಹೊರತು ತಾನೇ ಕಾವು ಕೊಡುವುದಿಲ್ಲ. ಮುದಿ ಮೈಯಲ್ಲಿ ಕಾವು ಹುಟ್ಟುವುದೇ ಕಡಿಮೆ. ಎಳೆಗೂಸಿನ ಮೈಯಲ್ಲಿ ಅದು ಬೇಗ ಆರುತ್ತದೆ. ಅಂಥವರಿಗೆ ಬೇಕಿರುವುದನ್ನು ಶೋಕಿ ಎನ್ನಲಾಗದು.

“ಅಜ್ಜಿ ಕಾಲದಿಂದ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡೇ ಬದುಕಿದ್ದೇವೆ. ಖರ್ಚೂ ಇಲ್ಲ, ಅಪಾಯವೂ ಇಲ್ಲ.”

ಅಜ್ಜಿ ಬದುಕಿದ್ದು ಹೆಂಚಿನ ಮನೆಯಲ್ಲಿ. ಹೆಂಚಿನ ಸಂದು, ಗವಾಕ್ಷಿ, ಕದದಡಿಯ ಬಿರುಕುಗಳಿಂದ ಗಾಳಿ ಆಡುತ್ತಲೇ ಇತ್ತು. ನಾವಿರುವುದು ಆರ್‌ಸಿಸಿ ತಾರಸಿಯಡಿ, ಅಲ್ಯೂಮಿನಿಯಂ ಕಿಟಕಿ ಬಿಗಿಯಾಗಿ ಎಳೆದುಕೊಂಡು. ಅಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಕೆಂಡ ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ, ಉಸಿರೇ ನಿಂತುಬಿಡಬಹುದು. “ಹೊಗೆ ಹೋಗುವ ತನಕ ಕಾದು ಒಳಗೆ ತರುತ್ತೇವೆ” ಎಂಬುದೂ ಸಮಾಧಾನವಲ್ಲ. ಹೊಗೆಯಿಲ್ಲದ ನಿಗಿನಿಗಿ ಕೆಂಡವೂ ಇದೇ ಅನಿಲವನ್ನು ಬಿಡುತ್ತಿರುತ್ತದೆ. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ಅದು ಕರಗಿಹೋಗುವುದೂ ಇಲ್ಲ. ಕೆಂಡ ಬೇಕೆಂದರೆ ಅಂಗಳದಲ್ಲಿ ಕಾಯಿಸಿಕೊಳ್ಳಿ. ಕದ ಹಾಕಿದ ಕೋಣೆಗೆ ಮಾತ್ರ ತರಬೇಡಿ.

“ಕರೆಂಟ್ ಹೀಟರೂ ಕೋಣೆಯ ಆಮ್ಲಜನಕ ತಿನ್ನುತ್ತೆ.”

ಏನನ್ನೂ ಸುಡದ ಯಂತ್ರಕ್ಕೆ ಆಮ್ಲಜನಕ ಏಕೆ ಬೇಕು? ಅದನ್ನು ತಿನ್ನುವುದು ಮೇಲೆ ಹೇಳಿದ ಕೆಂಡವೇ. ಗಾಳಿ ಒಣಗಿದಂತೆ ಅನಿಸುವುದು ಮಾತ್ರ ಸುಳ್ಳಲ್ಲ: ಬಿಸಿಯಾದ ಗಾಳಿ ಹೆಚ್ಚು ತೇವ ಬೇಡುತ್ತದೆ, ತುಟಿ-ಚರ್ಮ ಬಿರಿಯುತ್ತವೆ. ಕೊಬ್ಬರಿ ಎಣ್ಣೆ ಸವರಿಕೊಂಡರೆ ಸುಧಾರಿಸುವ ತೊಂದರೆ ಅದು.

“ಎಂಟು-ಹತ್ತು ಸಾವಿರ ಕೊಟ್ಟು ಆಯಿಲ್ ಹೀಟರ್ ತಗೊಳ್ಳಿ, ಕರೆಂಟ್ ಉಳಿಯುತ್ತೆ.”

ಉಳಿಯುವುದಿಲ್ಲ. ರಾಡ್, ಬ್ಲೋವರ್, ಆಯಿಲ್ ಯಾವುದೇ ಇರಲಿ, ಒಂದು ಯೂನಿಟ್ ವಿದ್ಯುತ್ತಿನಿಂದ ಸಿಗುವ ಶಾಖ ಒಂದೇ. ಆರಿಸಿದ ಮೇಲೂ ಆಯಿಲ್ ಹೀಟರ್ ಬೆಚ್ಚಗಿರುತ್ತದೆ ನಿಜ. ಆದರೆ ಆ ಬಿಸಿ ಶುರುವಿನಲ್ಲಿ ಎಣ್ಣೆ ಕಾಯಲು ನೀವೇ ದುಡ್ಡು ತೆತ್ತದ್ದು. ಕೆಂಪಗೆ ಕಾಯುವ ರಾಡು ಅದರಲ್ಲಿ ಕಾಣುವುದಿಲ್ಲ, ಸದ್ದೂ ಇಲ್ಲ. ಮಕ್ಕಳು ಓಡಾಡುವ ಕೋಣೆಗೆ ಅದೇ ವಾಸಿ. ಆದರೆ ಅದನ್ನು ಉಳಿತಾಯದ ಹೆಸರಲ್ಲಿ ಕೊಳ್ಳಬೇಡಿ.

ಬಿಲ್ಲನ್ನು ತೀರ್ಮಾನಿಸುವುದು ವಾಟು ಮತ್ತು ತಾಸು. ಗೃಹಜ್ಯೋತಿ ಫಲಾನುಭವಿಗಳು ಇದನ್ನು ಗಟ್ಟಿಯಾಗಿ ನೆನಪಿಡಬೇಕು. 2022–23ರ ತಿಂಗಳ ಸರಾಸರಿ 110 ಯೂನಿಟ್ ಇದ್ದ ಮನೆಗೆ ಶೇ 10 ಸೇರಿಸಿ 121 ಯೂನಿಟ್ ಉಚಿತ. ಈಗಲೂ 110ನ್ನೇ ಬಳಸುವ ಆ ಮನೆಯಲ್ಲಿ 800 ವಾಟಿನ ಹೀಟರನ್ನು ದಿನಕ್ಕೆ ಮೂರು ತಾಸು ಹಾಕಿದರೆ ತಿಂಗಳಿಗೆ 72 ಯೂನಿಟ್ ಕೂಡಿ ಬಳಕೆ 182 ಆಗುತ್ತದೆ. ಹೆಚ್ಚಿನ 61ಕ್ಕಷ್ಟೇ ದುಡ್ಡು. ಅಷ್ಟೇ ಹೊತ್ತು 2000 ವಾಟಿನದನ್ನು ಹಾಕಿದರೆ 180 ಕೂಡಿ 290 ಆಗುತ್ತದೆ. 200 ದಾಟಿದ ಮೇಲೆ ಪೂರ್ತಿ ಬಿಲ್ ನಿಮ್ಮದೇ. ಇಡೀ ಹಾಲ್ ಕಾಯಿಸಲು ಹೋಗದೆ, ಕೂತವರ ಮೈಗೆ ನೇರ ಶಾಖ ತಾಗಿಸುವ 400–800 ವಾಟಿನ ಕ್ವಾರ್ಟ್ಜ್ ಹೀಟರನ್ನು ನಾನು ಹೇಳುವುದು ಇದಕ್ಕೇ.

“ಶಾರ್ಟ್ ಸರ್ಕ್ಯೂಟ್ ಆಗೋ ಭಯವೇ? ಎಂಸಿಬಿ ಇದೆಯಲ್ಲ.”

ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. 2000 ವಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಅದು ಭಾರ. 16 ಆಂಪಿಯರ್‌ನ ಎಂಸಿಬಿಗೆ ಮಾತ್ರ ಲೆಕ್ಕಕ್ಕಿಲ್ಲ. ಬಾಕ್ಸ್ ಕರಗುತ್ತಿದ್ದರೂ ಅದು ಟ್ರಿಪ್ ಆಗದೆ ಕೂತಿರಬಹುದು. ಹಾಗಾಗಿ ದೊಡ್ಡ ಹೀಟರ್ ಆದರೆ ಗೋಡೆಯ ಪವರ್ ಪ್ಲಗ್ಗಿಗೇ ನೇರ ಹಾಕಿ. ಯಾವ ಹೀಟರೇ ಇರಲಿ, ಹಾಸಿಗೆ-ಪರದೆಯಿಂದ ಮೂರಡಿ ದೂರವಿಡಿ, ಅದರ ಮೇಲೆ ಬಟ್ಟೆ ಒಣಹಾಕಬೇಡಿ. ಮಗುಚಿದರೆ ತಾನೇ ಆರುವ ಸ್ವಿಚ್ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಟ್ಟದ್ದೇ ಗೊತ್ತಾಗದು; ಅವರ ಕಾಲನ್ನು ಹೀಟರಿನ ಹತ್ತಿರ ಬಿಡಬೇಡಿ.

ಹೀಟರ್ ಅಪಾಯವಿಲ್ಲದ ವಸ್ತು ಎಂದು ನಾನು ಹೇಳುತ್ತಿಲ್ಲ. ಅದರ ಅಪಾಯ ಪ್ಲಗ್ಗು, ಬಟ್ಟೆ, ದೂರಗಳಲ್ಲಿದೆ. ಕಣ್ಣಿಗೆ ಕಾಣುತ್ತದೆ, ಎಚ್ಚರದಿಂದ ತಪ್ಪಿಸಬಹುದು. ಕೆಂಡದ ವಿಷವನ್ನು ಎಚ್ಚರವಿದ್ದವರೂ ಕಾಣಲಾರರು. ಬಿಟ್ಟಿ ಸಿಗುತ್ತದೆಂದು ಅದನ್ನು ಅಗ್ಗವೆಂದು ಕರೆಯಲು ನಾನು ಸಿದ್ಧನಿಲ್ಲ.