ಮಹಾಪೌರರನ್ನು ಜನರೇ ಆರಿಸಿದರೆ?

ಬೆಳಗಾವಿ ಮಹಾನಗರಪಾಲಿಕೆಯ ೫೮ ಸ್ಥಾನಗಳಿಗೆ ೨೦೨೧ರ ಸೆಪ್ಟೆಂಬರ್ ೩ರಂದು, ಮೊದಲ ಬಾರಿಗೆ ರಾಜಕೀಯ ಪಕ್ಷಗಳ ಚಿಹ್ನೆಯ ಮೇಲೆ ಮತದಾನ ನಡೆಯಿತು. ಮೂರೇ ದಿನಗಳಲ್ಲಿ ಫಲಿತಾಂಶ ಹೊರಬಿದ್ದು, ೩೫ ಸ್ಥಾನಗಳನ್ನು ಗಳಿಸಿದ ಭಾರತೀಯ ಜನತಾ ಪಕ್ಷಕ್ಕೆ ನಿಚ್ಚಳ ಬಹುಮತ ದೊರಕಿತು. ಆದರೆ ನಗರಕ್ಕೆ ಮಹಾಪೌರರು ದೊರಕಿದ್ದು ೨೦೨೩ರ ಫೆಬ್ರವರಿ ೬ರಂದು! ಹದಿನೇಳು ತಿಂಗಳ ಕಾಲ ಅನಗೋಳ, ವಡಗಾಂವ, ಶಹಾಪುರಗಳ ಮತದಾರರಿಗೆ ತಾವು ಗೆಲ್ಲಿಸಿದ ನಗರಸೇವಕರಿದ್ದರು, ಆದರೆ ಅವರು ಕುಳಿತುಕೊಳ್ಳಲು ಸಭೆಯಿರಲಿಲ್ಲ. ಅಷ್ಟು ದಿನವೂ ಅಧಿಕಾರಿಗಳೇ ಕಾರಭಾರ ನಡೆಸಿದರು. ನಗರವೇನೂ ನಿಂತುಹೋಗಲಿಲ್ಲ ಎಂಬುದೇ ಇಲ್ಲಿನ ಕಹಿ ಸತ್ಯ. ಮಹಾಪೌರರಿಲ್ಲದೆಯೂ ನಗರ ನಡೆಯುವುದಾದರೆ ಆ ಪದವಿ ಇರುವುದಾದರೂ ಏತಕ್ಕೆ?

ಉತ್ತರ ೧೯೭೬ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮದಲ್ಲಿದೆ. ಅದರ ಪ್ರಕಾರ ಮಹಾಪೌರರನ್ನು ಆರಿಸುವವರು ನಗರಸೇವಕರು. ಜೊತೆಗೆ ಆ ಭಾಗದ ಶಾಸಕರಿಗೂ ಸಂಸದರಿಗೂ ಮತವುಂಟು. ಅವಧಿ ಒಂದೇ ವರ್ಷ. ಮೀಸಲಾತಿ ಸರದಿಯಂತೆ ಸುತ್ತುತ್ತದೆ. ಕಾರ್ಯಾಂಗದ ಅಧಿಕಾರ ಮಾತ್ರ ಸರಕಾರ ನೇಮಿಸಿದ ಆಯುಕ್ತರದು. ೨೦೨೩ರಲ್ಲಿ ಶೋಭಾ ಸೋಮನಾಚೆ, ೨೦೨೪ರಲ್ಲಿ ಸವಿತಾ ಕಾಂಬಳೆ, ೨೦೨೫ರಲ್ಲಿ ಮಂಗೇಶ ಪವಾರ ಹೀಗೆ ಆಯ್ಕೆಯಾದರು. ಒಂದು ಅಂದಾಜುಪತ್ರ, ಒಂದು ಮಳೆಗಾಲ, ಕೆಲವು ಉದ್ಘಾಟನೆಗಳು. ಅಷ್ಟರಲ್ಲಿ ಮುಂದಿನವರ ಹೆಸರು ಚರ್ಚೆಗೆ ಬಂದಿರುತ್ತದೆ. ನಮ್ಮ ನೆರೆಯ ಖಾನಾಪುರದ ಪಟ್ಟಣ ಪಂಚಾಯತಿಯನ್ನೇ ನೋಡೋಣ. ಅಲ್ಲಿನ ಅಧ್ಯಕ್ಷರಿಗೆ ಬೇರೊಂದು ಕಾಯಿದೆಯಂತೆ ಮೂವತ್ತು ತಿಂಗಳ ಅವಧಿಯಿದೆ. ಸುಮಾರು ಐದು ಲಕ್ಷ ಜನರ ನಗರದ ಪ್ರಥಮ ಪ್ರಜೆಗೆ ಹನ್ನೆರಡೇ ತಿಂಗಳು!

ಅವಧಿಯ ಕೊರತೆಗಿಂತ ಅಧಿಕಾರದ ಕೊರತೆ ದೊಡ್ಡದು. ರಸ್ತೆ, ಉದ್ಯಾನಗಳಿಗೆ ೨೦೧೬ರಲ್ಲಿ ಸ್ಮಾರ್ಟ್ ಸಿಟಿ ಹಣ ಮಂಜೂರಾದಾಗ ಅದನ್ನು ವೆಚ್ಚ ಮಾಡಲು ಪ್ರತ್ಯೇಕ ಕಂಪನಿಯೇ ಸ್ಥಾಪನೆಯಾಯಿತು. ಹೊಸ ಬಡಾವಣೆಗಳು ನಗರಾಭಿವೃದ್ಧಿ ಪ್ರಾಧಿಕಾರದವು. ಅನಗೋಳದ ಜನ ಗಂಟೆಗಟ್ಟಲೆ ಶಪಿಸುವ ರೈಲ್ವೆ ಗೇಟು ರೈಲ್ವೆಯದು. ಇನ್ನು ನಮ್ಮ ಸಮಾಜದ ಅನೇಕ ಕುಟುಂಬಗಳು ತಲೆಮಾರುಗಳಿಂದ ವಾಸಿಸುವ, ಫಾತಿಮಾ ಮಾತೆಯ ಪ್ರಧಾನಾಲಯವಿರುವ ಕ್ಯಾಂಪ್ ಪ್ರದೇಶವು ದಂಡುಮಂಡಳಿಗೆ ಸೇರಿದ್ದು. ಅಲ್ಲಿನವರಿಗೆ ಪಾಲಿಕೆಯ ಚುನಾವಣೆಯಲ್ಲಿ ಮತವೇ ಇಲ್ಲ. ದಂಡುಪ್ರದೇಶಗಳ ನಾಗರಿಕ ವಸತಿಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವ ವಿಚಾರವನ್ನು ಕೇಂದ್ರ ಸರಕಾರ ಕೆಲವು ವರ್ಷಗಳಿಂದ ನಡೆಸಿದೆ. ಹಾಗೇನಾದರೂ ಆದರೆ ಈ ಲೇಖನದ ಪ್ರಶ್ನೆ ಆ ಮನೆಗಳನ್ನೂ ತಟ್ಟಲಿದೆ.

ಮಹಾಪೌರರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಸಂವಿಧಾನದ ೭೪ನೆಯ ತಿದ್ದುಪಡಿ ಆ ಆಯ್ಕೆಯ ವಿಧಾನವನ್ನು ರಾಜ್ಯಗಳಿಗೇ ಬಿಟ್ಟಿದೆ. ಉತ್ತರ ಪ್ರದೇಶದಲ್ಲಿ ಜನರೇ ಆರಿಸುತ್ತಾರೆ. ಬಿಹಾರವು ೨೦೨೨ರಲ್ಲಿ ಅದೇ ದಾರಿ ಹಿಡಿಯಿತು. ಮಧ್ಯಪ್ರದೇಶ ೨೦೧೯ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟು ೨೦೨೨ರಲ್ಲಿ ಮತ್ತೆ ಅದಕ್ಕೇ ಮರಳಿತು. ಚೆನ್ನೈಯಲ್ಲಿ ೧೯೯೬ರಲ್ಲಿ ಎಂ.ಕೆ. ಸ್ಟಾಲಿನ್ ಜನರ ಮತದಿಂದಲೇ ಮಹಾಪೌರರಾದರು. ಆದರೆ ೨೦೨೨ರ ಚುನಾವಣೆಯಲ್ಲಿ ಅಲ್ಲಿ ಸದಸ್ಯರೇ ಆರಿಸಿದರು. ಅಧಿಕಾರದಲ್ಲಿರುವ ಪಕ್ಷಕ್ಕೆ ಯಾವುದು ಅನುಕೂಲವೋ ಅದೇ ಪದ್ಧತಿ ಎಂದು ಯಾರಾದರೂ ಆಕ್ಷೇಪಿಸಿದರೆ ತಪ್ಪೆನ್ನಲಾಗದು.

ಶಿಮ್ಲಾದ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ೨೦೧೨ರಲ್ಲಿ ಅಲ್ಲಿನ ಜನರು ಮಹಾಪೌರ, ಉಪಮಹಾಪೌರ ಎರಡೂ ಸ್ಥಾನಗಳಿಗೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದವರನ್ನು ಆರಿಸಿದರು. ಸಭೆಯಲ್ಲಿ ಆ ಪಕ್ಷದ ಸದಸ್ಯರಿದ್ದದ್ದು ಕೇವಲ ಮೂವರು. ನಾಯಕ ಒಂದು ಕಡೆ, ಬಹುಮತ ಮತ್ತೊಂದು ಕಡೆ. ಮುಂದಿನ ಚುನಾವಣೆಯ ಹೊತ್ತಿಗೆ ನೇರ ಆಯ್ಕೆ ರದ್ದಾಗಿತ್ತು.

ಬೆಳಗಾವಿಯಲ್ಲಿ ಈ ತೊಡಕಿನ ಜೊತೆಗೆ ಗಡಿಯ ಗಾಯವೂ ಇದೆ. ೨೦೦೫ರಲ್ಲಿ ಪಾಲಿಕೆಯ ಸಭೆ ಮಹಾರಾಷ್ಟ್ರಕ್ಕೆ ಸೇರುವ ಗೊತ್ತುವಳಿ ಕೈಗೊಂಡಿತು. ಅಂದಿನ ಮಹಾಪೌರ ವಿಜಯ ಮೋರೆಯವರ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಳಿಯಲಾಯಿತು. ಸರಕಾರ ಪಾಲಿಕೆಯನ್ನೇ ವಿಸರ್ಜಿಸಿತು. ೨೦೧೧ರಲ್ಲಿ ಮತ್ತೊಮ್ಮೆ ವಿಸರ್ಜನೆಯಾಯಿತು. ಇಂಥ ನಗರದಲ್ಲಿ ಇಡೀ ಊರಿಗೆ ಒಂದೇ ಸ್ಥಾನದ ಚುನಾವಣೆ ನಡೆದರೆ ಅದು ಗಟಾರ, ಕಸ, ನೀರುಗಳ ಚುನಾವಣೆಯಾಗಿ ಉಳಿಯದೆ, ಭಾಷೆಗಳ ಜನಗಣತಿಯಾಗುವ ಅಪಾಯವಿದೆ. ಹಲವರು ಕಣದಲ್ಲಿದ್ದಾಗ ನಾಲ್ಕರಲ್ಲೊಂದು ಪಾಲು ಮತ ಪಡೆದವನೂ ಗೆಲ್ಲಬಲ್ಲನು. ಉಳಿದ ಮೂರು ಪಾಲಿನ ಮನೆಗಳ ಬಾಗಿಲು ತಟ್ಟುವ ಅಗತ್ಯ ಅವನಿಗಿಲ್ಲ.

ಹಾಗೆಂದು ನೇರ ಆಯ್ಕೆಯನ್ನೇ ತಳ್ಳಿಹಾಕಬೇಕೆಂದು ನಮ್ಮ ಅಭಿಪ್ರಾಯವಲ್ಲ. ಲಂಡನ್ನಿನಲ್ಲಿ ೨೦೦೦ದಿಂದ ಎರಡು ದಶಕಗಳ ಕಾಲ ಮತದಾರನು ತನ್ನ ಮೊದಲ ಆಯ್ಕೆಯ ಜೊತೆಗೆ ಎರಡನೆಯ ಆಯ್ಕೆಯನ್ನೂ ಗುರುತಿಸುತ್ತಿದ್ದನು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲಿಬ್ಬರನ್ನು ಉಳಿಸಿಕೊಂಡು, ಸೋತವರ ಮತಪತ್ರಗಳಲ್ಲಿನ ಎರಡನೆಯ ಆಯ್ಕೆಯನ್ನು ಎಣಿಸುತ್ತಿದ್ದರು. (೨೦೨೪ರ ಚುನಾವಣೆಗೆ ಮುನ್ನ ಅದನ್ನು ಕೈಬಿಟ್ಟರು, ನಮ್ಮ ದೃಷ್ಟಿಯಲ್ಲಿ ಅದು ಸರಿಯಾದ ಕ್ರಮವಲ್ಲ.) ಅಂಥ ಪದ್ಧತಿ ಇಲ್ಲಿದ್ದರೆ ಮರಾಠಿ ಉಮೇದುವಾರನು ಕನ್ನಡಿಗನ ಎರಡನೆಯ ಮತವನ್ನೂ, ಕನ್ನಡ ಉಮೇದುವಾರನು ಉರ್ದು, ಕೊಂಕಣಿ ಮನೆಗಳ ಎರಡನೆಯ ಮತವನ್ನೂ ಬೇಡಬೇಕಾಗುತ್ತದೆ. ವಾರ್ಡು ವಾರ್ಡುಗಳಲ್ಲಿ ಚದುರಿಹೋಗಿ ಎಲ್ಲಿಯೂ ಲೆಕ್ಕಕ್ಕೆ ಬಾರದ ನಮ್ಮಂಥ ಚಿಕ್ಕ ಸಮಾಜದ ಮತಕ್ಕೂ ಆಗ ಬೆಲೆ ಬರುತ್ತದೆ.

ಆದರೆ ಅದಕ್ಕೆ ಮೊದಲು ಅವಧಿಯೂ ಅಧಿಕಾರವೂ ಬರಬೇಕು. ಕೈಯಲ್ಲಿ ಏನೂ ಇಲ್ಲದವರನ್ನು ಐದು ಲಕ್ಷ ಜನರು ಸೇರಿ ಆರಿಸಿದರೂ ಅವರು ಆಯುಕ್ತರಿಗೆ ಪತ್ರ ಬರೆಯುವವರಾಗಿಯೇ ಉಳಿಯುವರು. ಬೆಂಗಳೂರಿಗೆ ನೇರ ಆಯ್ಕೆಯ ಮಹಾಪೌರರಿರಲಿ ಎಂದು ಕಸ್ತೂರಿರಂಗನ್ ಸಮಿತಿ ೨೦೦೮ರಲ್ಲಿಯೇ ಶಿಫಾರಸು ಮಾಡಿತ್ತು. ಅನಂತರ ೨೦೨೦ರಲ್ಲಿ ಬಂದ ಕಾನೂನು ಅಲ್ಲಿನ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿತು, ಆಯ್ಕೆಯನ್ನು ಮಾತ್ರ ಸದಸ್ಯರ ಕೈಯಲ್ಲಿಯೇ ಉಳಿಸಿತು. ಬೆಳಗಾವಿಗೆ ಆ ಮೂವತ್ತು ತಿಂಗಳೂ ಸಿಗಲಿಲ್ಲ.

ಕಾಯಿದೆಯನ್ನು ತಿದ್ದಬೇಕಾದ ವಿಧಾನಮಂಡಲ ಚಳಿಗಾಲದಲ್ಲಿ ಸೇರುವುದು ನಮ್ಮ ಊರ ಅಂಚಿನ ಸುವರ್ಣ ವಿಧಾನಸೌಧದಲ್ಲಿಯೇ. ಆದರೆ ಇಡೀ ನಗರದ ಮತ ಪಡೆದ ಮಹಾಪೌರರೊಬ್ಬರು ಎದ್ದು ನಿಂತರೆ ಮೊದಲು ಕುಗ್ಗುವುದು ನಗರದ ಒಂದು ಭಾಗದಿಂದ ಮಾತ್ರ ಆರಿಸಿಬಂದ ಶಾಸಕರ ವರ್ಚಸ್ಸು. ಆ ತಿದ್ದುಪಡಿಗೆ ಕೈ ಎತ್ತಬೇಕಾದವರೂ ಅವರೇ.