ಮೋಗ್ಲಿಗೆ ಸರ್ಕಾರಿ ನೌಕರಿ

ದಾಂಡೇಲಿಗೆ ಬರೋ ಟೂರಿಸ್ಟುಗಳಿಗೆ ಎರಡೇ ಬೇಕು: ಕಾಳಿ ನದಿಯಲ್ಲಿ ರಾಫ್ಟಿಂಗು, ಕಾಡಿನಲ್ಲಿ ಕರಿಚಿರತೆ. ಬಂಗೂರನಗರದ ಚಹಾ ಅಂಗಡಿ ಮುಂದೆ ನಿಂತ್ರೆ "ಬಘೀರಾ ಕಾಣಿಸ್ತಾ?" ಅನ್ನೋ ಪ್ರಶ್ನೆ ಕಿವಿಗೆ ಬೀಳುತ್ತೆ. ಕರಿಚಿರತೆ ಬೇರೆ ಪ್ರಾಣಿಯೇನಲ್ಲ, ಮೈ ಕಪ್ಪಾದ ಮಾಮೂಲಿ ಚಿರತೆ. ಆದ್ರೂ ಎಲ್ಲರಿಗೂ ಅದು ಬಘೀರಾನೇ. ಯಾಕಂದ್ರೆ ನಮ್ಮ ತಲೆಯಲ್ಲಿರೋದು ಡಿಸ್ನಿಯ ಕಾಡು. ರಡ್ಯಾರ್ಡ್ ಕಿಪ್ಲಿಂಗ್ ಬರೆದ ಕಾಡು ಕೂಡ ಅಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕಿಪ್ಲಿಂಗ್ ಹೊಸಬನಲ್ಲ. ಆದ್ರೆ ಮೋಗ್ಲಿ ಮೊದಲು ಬಂದಿದ್ದು 1894ರ 'ಜಂಗಲ್ ಬುಕ್'ನಲ್ಲಿ ಅಲ್ಲ ಅಂತ ಯಾರೂ ಹೇಳಲ್ಲ. ಅದಕ್ಕೂ ಒಂದು ವರ್ಷ ಮೊದಲು ಬಂದ 'ಇನ್ ದಿ ರುಖ್' ಅನ್ನೋ ಕಥೆಯಲ್ಲಿ ಅವನು ಆಗಲೇ ಬೆಳೆದ ಗಂಡಸು. ಕಾಡಿನಲ್ಲಿ ಒಬ್ಬ ಬ್ರಿಟಿಷ್ ಅರಣ್ಯಾಧಿಕಾರಿಗೆ ಸಿಗ್ತಾನೆ. ಅವನಿಗಿರೋ ಕಾಡಿನ ಜ್ಞಾನ ನೋಡಿ ಇಲಾಖೆಯ ದೊಡ್ಡ ಸಾಹೇಬ ಅವನನ್ನ ಫಾರೆಸ್ಟ್ ಗಾರ್ಡ್ ಮಾಡ್ತಾನೆ, ಸಂಬಳ ಪೆನ್ಷನ್ ಸಮೇತ. ತೋಳ ಸಾಕಿದ ಹುಡುಗನಿಗೂ ಗವರ್ನಮೆಂಟ್ ಜಾಬ್! (ಇದು ನಮ್ಮ ಮನೆಯವರಿಗೆ ಗೊತ್ತಾಗದಿದ್ರೆ ಒಳ್ಳೇದು.)

ನಾವೆಲ್ಲ ನೋಡಿದ ಫಿಲ್ಮುಗಳಲ್ಲಿ ಈ ಕಥೆ ಇಲ್ಲ. 1967ರ ಡಿಸ್ನಿ ಕಾರ್ಟೂನಿನಲ್ಲಿ ಮೋಗ್ಲಿ ನೀರು ತರೋ ಹುಡುಗಿಯ ಹಿಂದೆ ಊರಿಗೆ ಹೋಗ್ತಾನೆ, ಮುಗೀತು. 2016ರದ್ದರಲ್ಲಿ ಕಾಡಿನಲ್ಲೇ ಉಳೀತಾನೆ. ಆ ಕಾಡೂ ಲಾಸ್ ಏಂಜಲೀಸ್‌ನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕಟ್ಟಿದ್ದು. ಒಟ್ಟಿನಲ್ಲಿ ಕಾಡು ಇಲ್ಲಾ ಊರು, ಒಂದನ್ನ ಆರಿಸ್ಕೋ.

ನನಗೆ ತಕರಾರಿರೋದು ಇಲ್ಲೇ. ಜೋಯಿಡಾದ ಕುಣಬಿಗಳು, ಗೌಳಿಗಳು ಯಾವ ಕಡೆ? ಅವರ ಊರು ಇರೋದೇ ಕಾಡಿನೊಳಗೆ. ಬ್ರಿಟಿಷರ ಕಾಲದಲ್ಲೇ ಇಲ್ಲಿ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ಪರಿಹಾರ ತಗೊಂಡು ಹೊರಗೆ ಬಂದವರಿದ್ದಾರೆ, ಬರಲ್ಲ ಅಂತ ಕೂತವರೂ ಇದ್ದಾರೆ. ಹುಲಿ ಉಳೀಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಸಫಾರಿ ಜೀಪಿನಲ್ಲಿ ಕೂತವನಿಗೆ ಕಾಡಿನೊಳಗೆ ಮನೆ ಕಂಡ್ರೆ 'ಇವರ್ಯಾಕೆ ಇಲ್ಲಿ?' ಅನ್ಸುತ್ತಲ್ಲ, ಅದನ್ನ ಕಲಿಸಿದ್ದು ಈ ಫಿಲ್ಮುಗಳೇ ಅನ್ನೋದು ನನ್ನ ವಾದ. ಕಿಪ್ಲಿಂಗ್ ಬ್ರಿಟಿಷ್ ಸಾಮ್ರಾಜ್ಯವನ್ನ ನಂಬಿದ್ದವನು, ಆದ್ರೂ ಅವನ ಕಥೆ ಹೆಚ್ಚು ಪ್ರಾಮಾಣಿಕ: ಕಾಡಿನವನು ಕಾಡಿನಲ್ಲೇ ಇರಬೇಕಂದ್ರೆ ಸರ್ಕಾರದ ನೌಕರ ಆಗಬೇಕು.

ಇನ್ನೊಂದು ವಿಷಯ. 1942ರ 'ಜಂಗಲ್ ಬುಕ್' ಫಿಲ್ಮಿನಲ್ಲಿ ಮೋಗ್ಲಿ ಆಗಿದ್ದವನು ನಮ್ಮವನೇ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಅವನ ಮೊದಲ ಫಿಲ್ಮು 'ಎಲಿಫೆಂಟ್ ಬಾಯ್' (1937) ಕೂಡ ಕಿಪ್ಲಿಂಗ್ ಕಥೆಯದ್ದೇ. ಅವನನ್ನ ಹುಡುಕಿದ್ದು ಹೊರಗಿನವರು. ಅವನು ಹಾಲಿವುಡ್ಡಿಗೆ ಹೋದ, 39ನೇ ವಯಸ್ಸಿಗೆ ಅಲ್ಲೇ ತೀರಿಕೊಂಡ.

'ಇನ್ ದಿ ರುಖ್' ಅನ್ನ ಕನ್ನಡದಲ್ಲಿ ಯಾರಾದ್ರೂ ಫಿಲ್ಮ್ ಮಾಡ್ಲಿ. ಗ್ರಾಫಿಕ್ಸ್ ಬೇಡ, ಅಣಶಿ ಘಟ್ಟ ಇದೆ. ಮೋಗ್ಲಿಯನ್ನ ಮಾತ್ರ ಜೋಯಿಡಾದಲ್ಲೇ ಹುಡುಕಲಿ. ಅವನು ಡೈಲಾಗನ್ನ ಕೊಂಕಣಿಯಲ್ಲಿ ಹೇಳಿದ್ರೂ ನಡೆಯುತ್ತೆ.