ಜಿಂಕೆಯ ಕಣ್ಣಿಗೆ ಮರುಳಾದವರು

ಉರ್ದು ಓದುತ್ತಿದ್ದ ದಿನಗಳಲ್ಲಿ ಪ್ರೇಯಸಿಯ ಕಣ್ಣಿಗೆ 'ಆಹೂಚಶ್ಮ್' ಎನ್ನಬೇಕೆಂದು, ಅಂದರೆ ಜಿಂಕೆಗಣ್ಣು ಎನ್ನಬೇಕೆಂದು ನಾವು ಕಲಿತೆವು. ಕನ್ನಡ ತರಗತಿಗೆ ಬಂದರೆ ಅಲ್ಲಿ ಹರಿಣಾಕ್ಷಿ ಕಾದು ಕುಳಿತಿದ್ದಳು. ಬೇರೆ ವಿಷಯಗಳಲ್ಲಿ ಈ ಎರಡು ಭಾಷೆಗಳ ಹೆಸರಿನಲ್ಲಿ ಎಷ್ಟೇ ಜಗಳ ನಡೆಯಲಿ, ಜಿಂಕೆಯ ಮಟ್ಟಿಗೆ ಎರಡೂ ಒಂದೇ ಮನೆಯವು. ಈ ಮರುಳು ಕಾವ್ಯದಲ್ಲಿರುವ ತನಕ ಚೆಂದ. ಅದು ಕಾಯಿದೆಯೊಳಗೆ ಬಂದು ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಅಂಡಮಾನ್ ಸಾಕ್ಷಿಯಾಗಿದೆ.

ಅಂಡಮಾನಿನಲ್ಲಿ ಜಿಂಕೆ ಇರಲೇ ಇಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷರು ಮುಖ್ಯಭೂಮಿಯಿಂದ ಚುಕ್ಕೆ ಜಿಂಕೆಗಳನ್ನು ತಂದು ಬಿಟ್ಟರು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಜಿಂಕೆಗೋ ಈಜು ಬರುತ್ತದೆ; ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. ಹಿಂದೆ ರಾಸ್ ದ್ವೀಪವೆನ್ನುತ್ತಿದ್ದ, 2018ರಲ್ಲಿ ನೇತಾಜಿಯ ಹೆಸರು ಪಡೆದ ದ್ವೀಪದಲ್ಲಿ ಪ್ರವಾಸಿಗರು ಅದಕ್ಕೆ ತಿನಿಸು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋದಲ್ಲಿ ಜಿಂಕೆ ಕಾಣುತ್ತದೆ, ಅದರ ಹಿಂದಿನ ಬೋಳು ನೆಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಜಿಂಕೆ ದೊಡ್ಡ ಮರವನ್ನು ಬೀಳಿಸುವುದಿಲ್ಲ. ಆ ಮರದ ಮಕ್ಕಳನ್ನು, ಅಂದರೆ ಸಸಿಗಳನ್ನು ತಿನ್ನುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಡು ಹಸಿರಾಗಿಯೇ ಇರುತ್ತದೆ. ಒಳಗೆ ಮುಂದಿನ ತಲೆಮಾರೇ ಇರುವುದಿಲ್ಲ. ಪರಿಸರ ವಿಜ್ಞಾನಿ ರವೂಫ್ ಅಲಿ ಇದನ್ನು ವರ್ಷಗಟ್ಟಲೆ ಹೇಳಿದರು. ಹೊರಗಿನಿಂದ ಬಂದ ಸಸ್ಯಾಹಾರಿ ಪ್ರಾಣಿಗಳಿಂದ ಅಲ್ಲಿನ ಹಸಿರು ಕ್ಷೀಣಿಸುತ್ತಿದೆ ಎಂದು ಉಪಗ್ರಹ ಚಿತ್ರಗಳ ಆಧಾರದಿಂದ ಅವರು ಮತ್ತು ಅವರ ಸಹೋದ್ಯೋಗಿ ಬರೆದ ಲೇಖನ 2013ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲೇ ಬಂತು. 2016ರ ಇನ್ನೊಂದು ಅಧ್ಯಯನ, ಜಿಂಕೆ ಹೆಚ್ಚಿರುವ ದ್ವೀಪಗಳಲ್ಲಿ ನೆಲದ ಗಿಡಗಂಟೆ ತೆಳುವಾಗಿ, ಹಲ್ಲಿ-ಓತಿಗಳು ಹತ್ತಿರ ಹತ್ತಿರ ಐದು ಪಟ್ಟು ಕಡಿಮೆಯಾಗಿದ್ದನ್ನು ತೋರಿಸಿತು. ಆದರೆ ಓತಿಕ್ಯಾತನ ಕಣ್ಣಿಗೆ ಯಾವ ಕವಿ ಉಪಮೆ ಕಟ್ಟಿದ್ದಾನೆ? ಉಪಮೆಯಿಲ್ಲದ ಜೀವಕ್ಕೆ ವಕೀಲರೂ ಇಲ್ಲ.

ಕಾಯಿದೆ ಏನು ಹೇಳುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಆಗ ಅದು ಬೇಕೇ ಬೇಕಿತ್ತು. ರಾಜರ, ಸಾಹೇಬರ ಬಂದೂಕುಗಳು ಕಾಡನ್ನು ಬರಿದು ಮಾಡಿದ್ದವು. ಮನುಷ್ಯನ ಜೀವಕ್ಕೋ ಬೆಳೆಗೋ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಕಾಡಿಗೇ ಅಪಾಯವಾದರೆ? 'ವೈಜ್ಞಾನಿಕ ನಿರ್ವಹಣೆ'ಗೆ ಅವಕಾಶವಿದೆ, ಆದರೆ ಕೊಲ್ಲದೆ ಮಾಡಬೇಕು. ಇನ್ನುಳಿದದ್ದು 'ಉಪದ್ರವಕಾರಿ' ಎಂದು ಘೋಷಿಸುವ ದಾರಿ. ಘೋಷಣೆಯಾದರೆ ಆ ಪ್ರದೇಶದಲ್ಲಿ ಆ ಪ್ರಾಣಿಗೆ ರಕ್ಷಣೆಯೇ ಇಲ್ಲ. ಒಂದೋ ಪೂಜೆ, ಇಲ್ಲವೋ ಕೊಲೆ; ನಡುವೆ ಲೆಕ್ಕಾಚಾರದ ದಾರಿಯಿಲ್ಲ. ಬಿಹಾರದಲ್ಲಿ ನೀಲಗಾಯಿಗೆ ಇದೇ ಆಯಿತು. 2016ರ ಜೂನ್‌ನಲ್ಲಿ ಮೊಕಾಮಾದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳು ಗುಂಡಿಗೆ ಬಿದ್ದವು, ಕೇಂದ್ರದ ಇಬ್ಬರು ಸಚಿವರು ಬಹಿರಂಗವಾಗಿ ಜಗಳವಾಡಿದರು. ಗದ್ದಲ ಮುಗಿಯಿತು, ನೀತಿ ಮಾತ್ರ ಹುಟ್ಟಲಿಲ್ಲ.

2022ರ ತಿದ್ದುಪಡಿಯಲ್ಲಿ 'ಆಕ್ರಮಣಕಾರಿ ಪರಕೀಯ ಪ್ರಭೇದ' ಎಂಬ ಹೊಸ ಮಾತು ಬಂತು. ಆಶೆಯಿಂದ ನೋಡಿದರೆ ವ್ಯಾಖ್ಯೆ ಹೀಗಿದೆ: ಭಾರತಕ್ಕೆ ಸೇರದ ಪ್ರಭೇದ. ಚುಕ್ಕೆ ಜಿಂಕೆ ಭಾರತದ್ದೇ ತಾನೆ! ಸಾವಿರ ಕಿಲೋಮೀಟರಿಗೂ ಹೆಚ್ಚಿನ ಸಮುದ್ರದಾಚೆಯ ದ್ವೀಪಕ್ಕೆ ಅದು ಪರಕೀಯವೆಂದು ಒಪ್ಪಲು ಕಾಯಿದೆಗೆ ಬರುವುದಿಲ್ಲ. ಪ್ರಕೃತಿ ಬರೆದ ಗಡಿ ಬೇರೆ, ಸರಕಾರದ ನಕ್ಷೆಯ ಗಡಿ ಬೇರೆ ಎಂಬುದು ನಮ್ಮ ಶಾಸಕಾಂಗಕ್ಕೆ ಹೊಳೆಯಲಿಲ್ಲ.

ಇದೇ ಜಿಂಕೆ 1868ರಲ್ಲಿ ಹವಾಯಿಯ ರಾಜನಿಗೆ ಉಡುಗೊರೆಯಾಗಿ ಮೊಲೊಕಾಯ್ ದ್ವೀಪ ಸೇರಿತು. ಮಾವಿ ದ್ವೀಪಕ್ಕೆ 1959ರ ಸುಮಾರಿಗೆ ಬಂತು. ಅಲ್ಲೂ ಬೇಟೆಯಾಡುವ ಮೃಗವಿಲ್ಲ, ಅಲ್ಲೂ ನೆಲ ಬೋಳಾಯಿತು. ಮಳೆ ಬಂದರೆ ಮಣ್ಣು ಹವಳದ ದಿಬ್ಬಗಳ ಮೇಲೆ ಕೂರತೊಡಗಿತು. 2021ರಲ್ಲಿ ಅಲ್ಲಿನ ಗವರ್ನರ್ ತುರ್ತುಸ್ಥಿತಿಯನ್ನೇ ಸಾರಿದರು. ಅಲ್ಲಿ ಪರವಾನಗಿ ಪಡೆದವರು ಜಿಂಕೆ ಬೇಟೆಯಾಡುತ್ತಾರೆ. ಮಾರುವ ಮಾಂಸವಾದರೆ ಸರಕಾರಿ ತಪಾಸಣಾಧಿಕಾರಿ ಎದುರಿಗೇ ಇರಬೇಕು. ಅದರಲ್ಲಿ ಒಂದು ಪಾಲು ಬಡವರ ಆಹಾರ ಭಂಡಾರಕ್ಕೂ ಹೋಗುತ್ತದೆ.

'ಹಿಡಿದು ಬೇರೆಡೆ ಸಾಗಿಸಿ' ಎನ್ನುವವರಿದ್ದಾರೆ. ಚುಕ್ಕೆ ಜಿಂಕೆ ಬಲು ಪುಕ್ಕಲು. ಹಿಡಿಯುವ, ಸಾಗಿಸುವ ಗಾಬರಿಗೇ ಎಷ್ಟೋ ಸಾಯುತ್ತವೆ. ಆ ಸಾವು ನಮ್ಮ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದನ್ನು ಅಹಿಂಸೆ ಎನ್ನುತ್ತೇವೆ. 'ಬಾಗಿಲು ತೆರೆದರೆ ಕಳ್ಳಬೇಟೆ ನುಗ್ಗುತ್ತದೆ' ಎಂಬ ಆಕ್ಷೇಪ ಮಾತ್ರ ಹಗುರವಾದುದಲ್ಲ. ಅದಕ್ಕೇ ನಾವು ಕೇಳುತ್ತಿರುವುದು ಗಡಿ ಹಾಕಿದ ಬೇಟೆ: ತಜ್ಞರು ಎಣಿಸಬೇಕು, ಅರಣ್ಯ ಇಲಾಖೆಯೇ ನಡೆಸಬೇಕು, ಪ್ರತಿ ದೇಹದ ಲೆಕ್ಕ ಬಹಿರಂಗವಾಗಬೇಕು, ಕೊಂಬು ಯಾರ ಗೋಡೆಗೂ ಹೋಗಬಾರದು. ಬಂಡೀಪುರ, ನಾಗರಹೊಳೆಗಳಿಗೆ ಈ ಮಾತು ಸಲ್ಲದು. 2022ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ 563 ಹುಲಿಗಳಿದ್ದವು. ಅಲ್ಲಿ ಜಿಂಕೆಯ ಲೆಕ್ಕವನ್ನು ಹುಲಿಯೇ ನೋಡಿಕೊಳ್ಳುತ್ತದೆ.

ಇನ್ನೊಂದು ಆಕ್ಷೇಪವನ್ನು ಯಾರೂ ಬರೆಯುವುದಿಲ್ಲ, ನಗುತ್ತಾ ಹೇಳುತ್ತಾರೆ: 'ನಿಮ್ಮವರಿಗೆ ಮಾಂಸದ ಆಸೆ, ಅದಕ್ಕೇ ಬೇಟೆಯ ಪರ.' ನಮ್ಮ ಅಡುಗೆಮನೆಗೆ ಅಂಡಮಾನಿನ ಜಿಂಕೆ ಬರಬೇಕಾಗಿಲ್ಲ. ಇಹ್ರಾಮ್ ಧರಿಸಿದವನಿಗೆ ಬೇಟೆ ನಿಷಿದ್ಧವೆಂದು ಕೇಳಿ ಬೆಳೆದವರು ನಾವು. ಕೊಲ್ಲುವುದಕ್ಕೆ ಹೊತ್ತು ಗೊತ್ತು ಬೇಕೆಂಬುದನ್ನು ನಮಗೆ ಹೊಸದಾಗಿ ಕಲಿಸಬೇಕಿಲ್ಲ. ಮಾತಾಡುವವನ ತಟ್ಟೆಯನ್ನು ಇಣುಕಿ ನೋಡಿ ಮಾತಿನ ಸತ್ಯವನ್ನು ತೂಗುವ ಚಾಳಿ ಈ ನಾಡಿಗೆ ಹೊಸದೇನಲ್ಲ. ಆದರೆ ಅದರಿಂದ ಒಂದು ಸಸಿಯೂ ಚಿಗುರುವುದಿಲ್ಲ.

ಜಿಂಕೆಯ ತಪ್ಪೇನೂ ಇಲ್ಲ. ಅದನ್ನು ಹಡಗಿನಲ್ಲಿ ತಂದವರು ಮನುಷ್ಯರು. ತಂದವರು ಹೋದರು, ಹೊಣೆ ನಮ್ಮ ಮೇಲೆ ಉಳಿಯಿತು. ಕೈಕಟ್ಟಿ ಕುಳಿತರೂ ಅಲ್ಲಿ ಸಾವು ನಿಲ್ಲುವುದಿಲ್ಲ. ಸಸಿ ಸಾಯುತ್ತದೆ, ಓತಿ ಸಾಯುತ್ತದೆ, ಮೇವು ಮುಗಿದ ದಿನ ಜಿಂಕೆಯೂ ಹಸಿದು ಸಾಯುತ್ತದೆ. ಆ ದಿನ ಅದರ ಕಣ್ಣನ್ನು ನೋಡುವ ಧೈರ್ಯ ನಮ್ಮ ಕವಿಗಳಿಗಿದೆಯೇ?